ಬರುವ ದೋಣಿಯ ಲೆಕ್ಕ ಮೊದಲು

ಅವ್ವಾ,

ದಸರಾ ರಜೆಗೆ ಮಕ್ಕಳನ್ನು ಕರಕೊಂಡು ಕುರೆಕುಪ್ಪಕ್ಕೆ ಬರ್ತೀವಿ, ಹಂಪಿ ಕಡೆ ಹೋಗಿ ಹೊಳೆಯೊಳಗಿನ ಗಡ್ಡೆಗಳನ್ನೆಲ್ಲ ದೋಣಿಯಲ್ಲೇ ಸುತ್ತಬೇಕು ಅಂತ ಬರೆದಿದ್ದೀಯ. ಬೆಳಿಗ್ಗೆ ವಿರೂಪಾಕ್ಷನ ದರ್ಶನ, ಹತ್ತಕ್ಕೆ ವಿರೂಪಾಪುರ ಗಡ್ಡೆ, ಹನ್ನೆರಡಕ್ಕೆ ಆನೆಗುಂದಿ, ಎರಡಕ್ಕೆ ನವವೃಂದಾವನ, ಐದಕ್ಕೆ ಈಚೆ ದಡ, ರಾತ್ರಿಗೆ ಹಂಪಿ ಎಕ್ಸ್‌ಪ್ರೆಸ್. ಪಟ್ಟಿ ಓದಿ ನಿನ್ನ ದೊಡ್ಡವ್ವ ನಕ್ಕಳು. ನನಗೆ ನಗು ಬರಲಿಲ್ಲ. ಅದರಲ್ಲಿ ಎಲ್ಲ ಇದೆ, ಹೊಳೆ ಒಂದನ್ನು ಮಾತ್ರ ಯಾರೂ ಕೇಳಿಲ್ಲ.

ನೀನು ಗ್ರೀಸ್ ದೇಶದಲ್ಲಿ ದ್ವೀಪದಿಂದ ದ್ವೀಪಕ್ಕೆ ಹಡಗಿನಲ್ಲಿ ಓಡಾಡಿ ಬಂದವಳು. ಪಿರೇಯಸ್ ಬಂದರಿನಿಂದ ಪಾರೋಸ್, ಅಲ್ಲಿಂದ ನಾಕ್ಸೋಸ್. ಫೋನಿನಲ್ಲೇ ಟಿಕೇಟು, ಹಡಗಿನ ಹಿಂಬಾಗಿಲು ಸೇತುವೆಯಂತೆ ಕೆಳಗಿಳಿದು ಕಾರು, ಲಾರಿ, ಜನ ಎಲ್ಲ ನಾಲ್ಕು ಗಳಿಗೆಯಲ್ಲಿ ಒಳಗೆ ಅಂತ ಎಷ್ಟು ಚೆಂದ ಹೇಳಿದ್ದಿ. ಅದರ ಜೊತೆಗೆ ಇನ್ನೊಂದನ್ನೂ ಹೇಳಿದ್ದಿ, ನೆನಪಿದೆಯಾ? ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಜೋರಾದಾಗ ಕರಾವಳಿ ಕಾವಲಿನವರು ಹಡಗು ಬಿಡುವುದಿಲ್ಲ, ಮೊದಲು ಚಿಕ್ಕ ವೇಗದ ದೋಣಿಗಳು ನಿಲ್ಲುತ್ತವೆ, ಆಮೇಲೆ ದೊಡ್ಡವು, ಆವತ್ತು ದ್ವೀಪದಲ್ಲೇ ರಾತ್ರಿ ಕಳೆದೆವು ಅಂತ. ಅಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಹೊಸಪೇಟೆಯ ಟಿ.ಬಿ. ಡ್ಯಾಮಿನ, ಅಂದರೆ ತುಂಗಭದ್ರಾ ಡ್ಯಾಮಿನ, ಗೇಟುಗಳು ಮಾಡುತ್ತವೆ. ಗಾಳಿ ಎದ್ದರೆ ಮೈಗೆ ತಿಳಿಯುತ್ತದೆ. ಗೇಟು ಎತ್ತಿದ್ದು ತಿಳಿಯುವುದಿಲ್ಲ. ಆ ವ್ಯತ್ಯಾಸವನ್ನು ನಿನ್ನ ತಲೆಯಲ್ಲಿ ಕೂರಿಸುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಡ್ಯಾಮು 1953ರಲ್ಲಿ ಮುಗಿದದ್ದು. 33 ಗೇಟು. ಹಂಪಿ, ಆನೆಗುಂದಿ, ಕಂಪ್ಲಿ ಮೂರೂ ಅದರ ಕೆಳಗೆ ಇವೆ. ನೀರು ಬರುವುದು ಮಾತ್ರ ನಮ್ಮ ಕಡೆಯ ಮಳೆಯಿಂದಲ್ಲ. ನಮ್ಮಲ್ಲಿ ಸಜ್ಜೆ ಒಣಗುತ್ತಿರುವಾಗ ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದರೆ ಗಾಜನೂರಿನ ತುಂಗಾ ಡ್ಯಾಮು ತುಂಬಿ ಬಿಡುತ್ತಾರೆ, ಲಕ್ಕವಳ್ಳಿಯ ಭದ್ರಾ ತುಂಬಿದರೆ ಅಲ್ಲಿಂದಲೂ ಬಿಡುತ್ತಾರೆ, ಹಾವೇರಿ ಕಡೆಯಿಂದ ವರದಾ ಬಂದು ಸೇರುತ್ತದೆ. ಎಲ್ಲ ಹೊಸಪೇಟೆಗೆ ಬಂದು ನಿಂತು, ನಿಲ್ಲಲಾರದ್ದು ಹೊಳೆಗೆ. ಹಂಪಿಯಲ್ಲಿ ಸುಡು ಬಿಸಿಲು, ಆಕಾಶದಲ್ಲಿ ಒಂದು ಮೋಡ ಇಲ್ಲ, ಹೊಳೆ ಮಾತ್ರ ಕೆಂಪಗೆ ಮೊರೆಯುತ್ತಿರುತ್ತದೆ. ಊರ ಹೊರಗಿನವರು ಮೋಸ ಹೋಗುವುದು ಆ ಬಿಸಿಲಿಗೆ.

ಮಳೆ ಬಿಟ್ಟು ಬೇರೆ ಕಾರಣಕ್ಕೂ ನೀರು ಬಂದುಬಿಡಬಹುದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ಒಂದು ಗೇಟಿನ ಮೇಲೆ ಭಾರ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಿದರು. ಮಲಗಿದ್ದ ಹೊಳೆದಂಡೆಯ ಊರುಗಳು ಎದ್ದು ಕೂತವು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಕಂಡಿ ಮುಚ್ಚಿದ ಕನ್ನಯ್ಯ ನಾಯ್ಡು ಅವರ ಹೆಸರು ಈಗ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದಾದ ಮೇಲೆ 2025ರ ಮಳೆಗಾಲದಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದು ಬೇಡ ಅಂತ ತೀರ್ಮಾನಿಸಿದರು. ಕಟ್ಟಿದಾಗ 133 ಹಿಡಿಯುತ್ತಿದ್ದ ಡ್ಯಾಮು, ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿತ್ತು. ಅದೂ ಬೇಡವಾಗಿ 80. ನಿಲ್ಲಿಸದ ನೀರು ಎಲ್ಲಿಗೆ ಹೋಗುತ್ತದೆ? ಹೊಳೆಗೆ. ದೋಣಿಯವನ ಪಾಲಿಗೆ ಅದು ಹೆಚ್ಚು ದಿನದ ರಜೆ.

ಆದ್ದರಿಂದ ಮೊದಲ ಕೆಲಸ ಇದು. ಹೊರಡುವ ಹಿಂದಿನ ರಾತ್ರಿಯೂ ಬೆಳಿಗ್ಗೆಯೂ ಹೊರಹರಿವು ಎಷ್ಟು ಅಂತ ನೋಡು. ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಳಹರಿವು, ಹೊರಹರಿವು ದಿನಾ ಬರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿನಷ್ಟು ನೀರು. ಒಂದು ಲಕ್ಷ ಕ್ಯೂಸೆಕ್ ಅಂತ ಓದಿದಾಗ ಗುಣಿಸಿ ನೋಡು, ಅಷ್ಟರ ಮೇಲೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಒಳಹರಿವು ಏರುತ್ತಿದೆ, ಡ್ಯಾಮು ಮೊದಲೇ ತುಂಬಿದೆ ಅಂದರೆ ಇವತ್ತು ಹೊರಹರಿವು ಕಡಿಮೆ ಇದ್ದರೂ ನಾಳೆ ನಂಬಬೇಡ.

ಪತ್ರಿಕೆ ಸಿಗದಿದ್ದರೆ ಪುರಂದರ ಮಂಟಪ ನೋಡು. ವಿಜಯವಿಠ್ಠಲ ಗುಡಿಯ ಕೆಳಗೆ ಹೊಳೆಯ ಅಂಚಿನಲ್ಲೇ ಇದೆ. ಅದರ ಕಲ್ಲುಹಾಸಿನ ಮೇಲೆ ನೀರು ಬಂದಿದೆ ಅಂದರೆ ಆವತ್ತು ದಾಟುವ ಮಾತು ಮುಗಿಯಿತು. ಇನ್ನೂ ಏರಿದರೆ ನವವೃಂದಾವನದ ಸಂಪರ್ಕ ಕಡಿಯುತ್ತದೆ, ಅದಕ್ಕೂ ಮೇಲೆ ಹೋದರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಆಳ ಅಳೆಯುವ ಕೋಲು ಬೇಕಿಲ್ಲ, ಐನೂರು ವರ್ಷದ ಕಲ್ಲೇ ಅಳತೆ ಹೇಳುತ್ತದೆ. ಅದರ ಹತ್ತಿರದಲ್ಲೇ ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲುಕಂಬಗಳನ್ನು ಮಕ್ಕಳಿಗೆ ತೋರಿಸು. ವಿಜಯನಗರದ ಕಾಲದ ಸೇತುವೆಯದು. ಮೇಲಿನ ಹಾಸು ಹೋಗಿ ಕಾಲುಗಳು ಉಳಿದಿವೆ. ನಮ್ಮ ಕಾಲದಲ್ಲಿ ತಳವಾರಘಟ್ಟದಿಂದ ಆನೆಗುಂದಿಗೆ ಕಟ್ಟುತ್ತಿದ್ದ ಸೇತುವೆ ಅಷ್ಟೂ ನಿಲ್ಲಲಿಲ್ಲ. ಪಾರಂಪರಿಕ ತಾಣಕ್ಕೆ ಧಕ್ಕೆ ಅಂತ ಯುನೆಸ್ಕೋದವರು 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿ, 2006ರಲ್ಲಿ ತೆಗೆದರು. ಕೆಲಸ ಮತ್ತೆ ನಡೆಯುತ್ತಿದ್ದಾಗ 2009ರ ಜನವರಿಯಲ್ಲಿ ಸೇತುವೆ ಕುಸಿದು ಕೂಲಿಯವರು ಸತ್ತರು. ಅಲ್ಲಿ ದೋಣಿ ಇಷ್ಟು ವರ್ಷ ಉಳಿದದ್ದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಹೋಗುವ ದೋಣಿಯ ಚಿಂತೆ ಎಲ್ಲರೂ ಮಾಡುತ್ತಾರೆ, ಬರುವ ದೋಣಿಯದನ್ನು ಯಾರೂ ಮಾಡುವುದಿಲ್ಲ. ಬೆಳಿಗ್ಗೆ ನೀರು ಇಳಿದಿರುತ್ತದೆ, ನಗುನಗುತ್ತ ದಾಟುತ್ತಾರೆ, ಮಧ್ಯಾಹ್ನ ಆಚೆ ದಡದಲ್ಲಿ ಕೂತು ನೀರು ಏರುವುದನ್ನು ನೋಡುತ್ತಾರೆ. 2019ರ ಆಗಸ್ಟಿನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಹೀಗೇ ಆಯಿತು. ನೂರಾರು ಪ್ರವಾಸಿಗರು, ವಿದೇಶದವರೂ ಸೇರಿ, ಅಲ್ಲೇ ಸಿಕ್ಕಿಕೊಂಡರು. ಅವರನ್ನು ತರಲು ಹೋದ ರಕ್ಷಣಾ ಪಡೆಯವರ ದೋಣಿಯೇ ಮಗುಚಿ, ಆ ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಎತ್ತಬೇಕಾಯಿತು. ಈಜು ಬಲ್ಲವರು, ತರಬೇತಿ ಆದವರು, ಲೈಫ್ ಜಾಕೆಟ್ ತೊಟ್ಟವರು ಅವರು! ಆಗ ಗಡ್ಡೆಯಲ್ಲಿ ಮಲಗಲಿಕ್ಕಾದರೂ ಜಾಗ ಇತ್ತು. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಆದ ಮೇಲೆ ಅಲ್ಲಿನ ರೆಸಾರ್ಟುಗಳನ್ನೆಲ್ಲ ಕೆಡವಿದರು. ಹಳೆಯ ಫೋಟೋ ನೋಡಿಕೊಂಡು ತೂಗುಮಂಚದ ಹೋಟೆಲು ಹುಡುಕಬೇಡ. ಆ ದಡದಲ್ಲಿ ಉಳಿಯಬೇಕಾಗಿ ಬಂದರೆ ಸಾಣಾಪುರ ಅಥವಾ ಆನೆಗುಂದಿ ಕಡೆ ನೋಡಬೇಕು.

ಇನ್ನೂ ಒಂದು ತೊಡಕಿದೆ. ಹಂಪಿಯ ದಡ ವಿಜಯನಗರ ಜಿಲ್ಲೆ, ಆಚೆ ದಡ ಕೊಪ್ಪಳ ಜಿಲ್ಲೆ, ಕೆಳಗಿನ ಕಂಪ್ಲಿ ನಮ್ಮ ಬಳ್ಳಾರಿ ಜಿಲ್ಲೆ. ಹೊಳೆ ಒಂದೇ, ಕಚೇರಿ ಮೂರು. ದೋಣಿ ನಿಲ್ಲಿಸಬೇಕೆಂಬ ಆದೇಶ ಒಂದು ದಡದಲ್ಲಿ ಬಂದದ್ದು ಇನ್ನೊಂದು ದಡದವರಿಗೆ ಗೊತ್ತೇ ಇರುವುದಿಲ್ಲ. ಹತ್ತುವ ಮುಂಚೆ ದೋಣಿಯವನನ್ನು ನೇರವಾಗಿ ಕೇಳು: ‘ಅಣ್ಣಾ, ಇವತ್ತು ಆಚೆಯಿಂದ ಕೊನೇ ದೋಣಿ ಎಷ್ಟು ಹೊತ್ತಿಗೆ?’ ಅವನು ಹೇಳಿದ ಹೊತ್ತಿಗಿಂತ ಒಂದು ತಾಸು ಮುಂಚೆ ದಡದಲ್ಲಿರು. ಹೊತ್ತು ಮುಳುಗಿದ ಮೇಲೆ ಯಾರೋ ಒಬ್ಬ ಜಾಸ್ತಿ ದುಡ್ಡು ಕೇಳಿ ದಾಟಿಸುತ್ತೇನೆ ಅಂದರೆ ಹತ್ತಲೇಬೇಡ. ದುಡ್ಡು ಜಾಸ್ತಿ ಅಂತಲ್ಲ, ಕತ್ತಲಲ್ಲಿ ಬಂಡೆ ಕಾಣಿಸುವುದಿಲ್ಲ.

ಬಂಡೆ ಅಂದಾಗ ನೆನಪಾಯಿತು. ನೀನು ಹೋಗಿದ್ದ ಪಾರೋಸ್ ದ್ವೀಪದ ಹತ್ತಿರವೇ 2000ನೇ ಇಸವಿ ಸೆಪ್ಟೆಂಬರ್ 26ರ ರಾತ್ರಿ ಎಕ್ಸ್‌ಪ್ರೆಸ್ ಸಮೀನಾ ಅನ್ನುವ ಹಡಗು ಬಂಡೆಗೆ ಬಡಿದು ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಹೋದರು. ಆ ಬಂಡೆ ನಕ್ಷೆಯಲ್ಲಿತ್ತು, ಮೇಲೆ ದೀಪವೂ ಇತ್ತು. ಹಡಗನ್ನು ಯಂತ್ರಕ್ಕೆ ಒಪ್ಪಿಸಿ ಕಣ್ಣಿಟ್ಟು ನೋಡುವವರೇ ಇರಲಿಲ್ಲ. ನಮ್ಮ ಹೊಳೆಯ ಬಂಡೆಗಳಿಗೆ ನಕ್ಷೆಯೂ ಇಲ್ಲ, ದೀಪವೂ ಇಲ್ಲ. ಅವು ಇರುವುದು ಅಂಬಿಗನ ತಲೆಯೊಳಗೆ. ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ, ಮುಳುಗಿದ ಮೇಲೆ ಎಲ್ಲಿ ಸುಳಿ ಏಳುತ್ತದೆ ಅನ್ನುವುದು ಅವನ ಅಪ್ಪ, ಅಜ್ಜನಿಂದ ಬಂದದ್ದು. ಅವನು ‘ಇವತ್ತು ಬ್ಯಾಡ್ರೀ’ ಅಂದರೆ ಚೌಕಾಸಿ ಮಾಡಬಾರದು. ಆ ಮಾತು ಹೇಳಿ ಅವನು ತನ್ನ ಆವತ್ತಿನ ಕೂಲಿ ಕಳಕೊಳ್ಳುತ್ತಿರುತ್ತಾನೆ, ನಿನಗಿಂತ ಅವನಿಗೆ ನಷ್ಟ ಜಾಸ್ತಿ. ಬೆಂಗಳೂರಿನಿಂದ ಬಂದಿದ್ದೀವಿ, ಇವತ್ತೊಂದೇ ದಿನ ಇದೆ ಅಂತ ಅಳಿಯಂದಿರು ಒತ್ತಾಯ ಮಾಡಿದರೆ ನೀನು ತಡಿ. ದಡ ಬಿಡುವ ಮುಂಚೆ ತಲೆಗೆಷ್ಟು, ಹೋಗಿ ಬರುವುದಕ್ಕೋ ಹೋಗುವುದಕ್ಕೆ ಮಾತ್ರವೋ ಅಂತ ಮಾತಾಡಿಕೊಂಡಿರಬೇಕು. ಚಿಲ್ಲರೆ ನೋಟು ಇಟ್ಟುಕೊ, ಹೊಳೆಯಲ್ಲಿ ಫೋನಿನ ಸಿಗ್ನಲ್ಲು ಯಾವಾಗಲೂ ಇರುವುದಿಲ್ಲ.

ತೆಪ್ಪದ ವಿಷಯ ಕೇಳಿದ್ದಿ. ವಿರೂಪಾಪುರ ಗಡ್ಡೆಗೂ ನವವೃಂದಾವನಕ್ಕೂ ಮೋಟಾರು ದೋಣಿ ಇವೆ. ತಳವಾರಘಟ್ಟದ ತೆಪ್ಪಗಳಲ್ಲಿ ಬೈಕುಗಳನ್ನೂ ಏರಿಸಿಕೊಂಡು ದಾಟಿಸಿದ್ದನ್ನು ನಾನು ನೋಡಿದ್ದೇನೆ. ಚಕ್ರತೀರ್ಥದ ಹತ್ತಿರ ಇರುವವು ಸುತ್ತಾಡಿಸುವ ತೆಪ್ಪಗಳು, ಕೋದಂಡರಾಮನ ಗುಡಿಯ ಮುಂದಿನಿಂದ ಹೊರಟು ಬಂಡೆಯ ಮೇಲೆ ಕೆತ್ತಿದ ಕೋಟಿಲಿಂಗ ತೋರಿಸಿ ತಂದು ಬಿಡುತ್ತಾರೆ. ತೆಪ್ಪ ಅಂದರೆ ಹೆಣೆದ ಬಿದಿರು. ಹಿಂದೆ ಹೊರಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ, ಫೈಬರಿನವೂ ಬಂದಿವೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನೇ ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಅಂತ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ನಿನ್ನ ಗ್ರೀಸಿನ ಹೆರೊಡೋಟಸ್ ಯೂಫ್ರಟಿಸ್ ಹೊಳೆಯಲ್ಲೂ ಇಂಥದ್ದೇ ದುಂಡು ದೋಣಿ ಕಂಡಿದ್ದನಂತೆ. ಅಲ್ಲಿನವರು ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಕೂರಿಸಿಕೊಂಡು ಬ್ಯಾಬಿಲೋನಿಗೆ ಇಳಿದು, ಸರಕು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಊರಿಗೆ ಮರಳುತ್ತಿದ್ದರು. ಯಾಕೆ ಅಂದರೆ ಪ್ರವಾಹದ ಎದುರಿಗೆ ಇದನ್ನು ಹುಟ್ಟು ಹಾಕಿ ತರಲಾಗದು. ನೋಡು, ಅವರಿಗೆ ಬರುವ ದಾರಿಯ ಲೆಕ್ಕ ಹೊರಡುವಾಗಲೇ ಗೊತ್ತಿತ್ತು! ಕತ್ತೆಯನ್ನು ಸುಮ್ಮನೆ ಕೂರಿಸಿಕೊಂಡದ್ದಲ್ಲ. ನಮ್ಮ ಅಂಬಿಗರೂ ಕೆಳಗೆ ತೇಲಿ ಹೋದ ತೆಪ್ಪವನ್ನು ತಲೆಯ ಮೇಲೆ ಕವುಚಿಕೊಂಡು ದಂಡೆಗುಂಟ ಮೇಲಕ್ಕೆ ನಡೆದು ಬರುತ್ತಾರೆ. ಮಕ್ಕಳಿಗೆ ತೋರಿಸು, ಕಾಲು ಬಂದ ತೆಪ್ಪ ನಡೆಯುವುದನ್ನು ನೋಡಿ ಕುಣಿಯುತ್ತಾರೆ.

ತೆಪ್ಪಕ್ಕೆ ಮುಂದು, ಹಿಂದು ಇಲ್ಲ. ಅಂಬಿಗ ಕೂತ ಕಡೆಯೇ ಮುಂದು. ತಳ ಚಪ್ಪಟೆ, ನೀರಿನಲ್ಲಿ ಗೇಣುದ್ದವೂ ಮುಳುಗುವುದಿಲ್ಲ, ಅದಕ್ಕೇ ಬಂಡೆಗಳ ಸಂದಿಯಲ್ಲಿ ಬೇರೆ ದೋಣಿ ನುಗ್ಗಲಾರದ ಕಡೆ ಇದು ನುಗ್ಗುತ್ತದೆ. ಅದರ ಗುಣ, ದೋಷ ಎರಡೂ ಅದೇ. ಎಲ್ಲರೂ ಸುತ್ತ ಸಮನಾಗಿ ಕೂತಿದ್ದರೆ ಕಲ್ಲಿನ ಹಾಗೆ ಭದ್ರ. ಒಂದು ನೀರುನಾಯಿ ಕಂಡಿತು ಅಂತ ಎಲ್ಲರೂ ಒಂದೇ ಮಗ್ಗುಲಿಗೆ ವಾಲಿದರೆ ಮುಗಿಯಿತು. ಫೋಟೋಕ್ಕೆ ಎದ್ದು ನಿಲ್ಲಬೇಡಿ. ಕಾಲು ಮಡಚಿ ತಳದಲ್ಲೇ ಕೂತುಕೊಳ್ಳಿ, ಅಂಚಿನ ಮೇಲೆ ಬೇಡ. ನಡುಹೊಳೆಯಲ್ಲಿ ಗರಗರ ತಿರುಗಿಸಿ ತೋರಿಸು ಅಂತ ಅಂಬಿಗನನ್ನು ಕೇಳುವುದು ಈಗ ಒಂದು ಶೋಕಿ ಆಗಿದೆ. ಮಕ್ಕಳಿಗೆ ಆಸೆ ಆದರೆ ದಡದ ಹತ್ತಿರ, ನಿಂತ ನೀರಿನಲ್ಲಿ ಒಂದು ಸುತ್ತು ಸಾಕು. ಹತ್ತುವಾಗ ತಳ ನೋಡು, ಒಳಗೆ ನೀರು ನಿಂತಿದ್ದರೆ ಡಾಂಬರು ಬಿಟ್ಟಿದೆ ಅಂತಲೇ ಅರ್ಥ, ಬೇರೆ ತೆಪ್ಪಕ್ಕೆ ಹೋಗು. ದೋಣಿಯವನು ಜಾಕೆಟ್ ಕೊಟ್ಟರೆ ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ, ತೊಟ್ಟು ಪಟ್ಟಿ ಬಿಗಿಯಿರಿ. ನೀರಿನಲ್ಲಿ ಕೈ ಇಳಿಬಿಡುವುದೂ ಬೇಡ. ಹೊಳೆಯಲ್ಲಿ ಮೊಸಳೆ ಇವೆ. ಹೆದರಿಸುತ್ತಿಲ್ಲ, ಇರುವುದನ್ನು ಹೇಳಿದೆ.

ನೀರುನಾಯಿಯ ಆಸೆ ಇದ್ದರೆ ಬೆಳಿಗ್ಗೆ ಬೇಗ ಹೋಗಬೇಕು. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಸರ್ಕಾರ ಘೋಷಿಸಿದೆ. ಆದರೆ ನಮ್ಮ ಗದ್ದಲಕ್ಕೆ ಅವು ಹೊರಗೆ ಬರಬೇಕಲ್ಲ.

ಸಾಣಾಪುರದ ಕಡೆ ಬಂಡೆಯಿಂದ ನೀರಿಗೆ ಹಾರುವ ವಿಡಿಯೋಗಳನ್ನು ಅಳಿಯಂದಿರು ಕಳಿಸಿದ್ದರು. ಅದಕ್ಕೆ ನನ್ನ ಉತ್ತರ ಒಂದೇ: ಬೇಡ. 2025ರ ಫೆಬ್ರವರಿಯಲ್ಲಿ ಪ್ರವಾಸಕ್ಕೆ ಬಂದಿದ್ದ ವೈದ್ಯೆಯೊಬ್ಬಳು ಹಾಗೆ ಹಾರಿ ಮೇಲೆ ಬರಲಿಲ್ಲ. ಅದು ಮಳೆಗಾಲವೂ ಅಲ್ಲ.

ನವವೃಂದಾವನಕ್ಕೆ ಮಾತ್ರ ಅವಸರ ಮಾಡಬೇಡ ಅಂತ ಕೈ ಮುಗಿದು ಕೇಳುತ್ತೇನೆ. ನಾವು ಮಾಧ್ವರಲ್ಲ, ಆದರೂ ಆ ಗಡ್ಡೆ ನನಗೆ ಈ ಸೀಮೆಯಲ್ಲೇ ಹೆಚ್ಚು ಪ್ರಿಯವಾದ ಜಾಗ. ಮಧ್ವಾಚಾರ್ಯರ ಶಿಷ್ಯ ಪದ್ಮನಾಭತೀರ್ಥರಿಂದ ಹಿಡಿದು ಒಂಬತ್ತು ಯತಿಗಳ ವೃಂದಾವನಗಳು ಬಯಲಿನಲ್ಲಿ, ಆಕಾಶದ ಕೆಳಗೆ ಇವೆ. ನಡುವೆ ವ್ಯಾಸರಾಜರದು. ಕೃಷ್ಣದೇವರಾಯನ ಕಾಲದ ಗುರುಗಳು, 1539ರಲ್ಲಿ ತೀರಿಕೊಂಡವರು. ಅವರ ವೃಂದಾವನವನ್ನು 2019ರ ಜುಲೈಯಲ್ಲಿ ಯಾರೋ ನಿಧಿಯಾಸೆಗೆ ಕಿತ್ತು ಹಾಕಿದಾಗ ಭಕ್ತರು ಹಗಲು ರಾತ್ರಿ ನಿಂತು ಮತ್ತೆ ಕಟ್ಟಿದರು. ಅಲ್ಲಿ ಗಂಡಸರು ಅಂಗಿ ತೆಗೆದು ಹೋಗುವ ಪದ್ಧತಿ, ಅಳಿಯಂದಿರಿಗೆ ಒಂದು ಪಂಚೆ ಇಟ್ಟುಕೊ. ವೃಂದಾವನಗಳ ಸುತ್ತ ಹಳದಿ ಗೆರೆ ಹಾಕಿರುತ್ತಾರೆ, ಅದನ್ನು ದಾಟಬಾರದು, ಮಾತಾಡಬಾರದು. ಮಕ್ಕಳಿಗೆ ದೋಣಿಯಲ್ಲೇ ಹೇಳಿ ಕರಕೊಂಡು ಹೋಗು. ಚಪ್ಪಲಿ ಬಿಟ್ಟು ನಡೆಯಬೇಕು, ಮಧ್ಯಾಹ್ನ ಎರಡು ಗಂಟೆಗೆ ಆ ಕಲ್ಲು ಕಾದ ಹೆಂಚು. ನಿನ್ನ ಪಟ್ಟಿಯಲ್ಲಿ ಸರಿಯಾಗಿ ಆ ಹೊತ್ತೇ ಇದೆ! ಬೆಳಿಗ್ಗೆ ಏಳೆಂಟಕ್ಕೆ ಹೋಗು. ಕಲ್ಲು ತಣ್ಣಗೆ, ಹೊಳೆ ಶಾಂತ, ಜನ ಕಡಿಮೆ.

ಅದಕ್ಕೆ ನಿನ್ನ ದಾರಿಯನ್ನೇ ತಿರುಗಿಸಬೇಕು. ನಾನು ಹೇಳುವ ಹಾಗೆ ಮಾಡು. ಮೊದಲ ದಿನ ಹಂಪಿ, ನೆಲದ ಮೇಲೆ. ಎರಡನೇ ದಿನ ಕುರೆಕುಪ್ಪದಿಂದ ಇನ್ನೂ ಕತ್ತಲಿರುವಾಗಲೇ ಕಾರು ಬಿಡಿ, ಅದಿರಿನ ಲಾರಿಗಳು ರಸ್ತೆ ತುಂಬುವ ಮುಂಚೆ ಹೊಸಪೇಟೆ ದಾಟಿರಬೇಕು. ಕಮಲಾಪುರ, ಬುಕ್ಕಸಾಗರದ ಮೇಲೆ ಹೋಗಿ ಕಡೆಬಾಗಿಲು ಸೇತುವೆ ದಾಟಿ ಆನೆಗುಂದಿ ಸೇರಿ. ಅಂದರೆ ಕಾರು ಆಚೆ ದಡದಲ್ಲೇ, ನಿಮ್ಮ ಜೊತೆಗೇ ಇರುತ್ತದೆ. ಕಾರು ಹಂಪಿಯಲ್ಲಿ ಬಿಟ್ಟು ತಾವು ಆನೆಗುಂದಿಯಲ್ಲಿ ನಿಂತು, ಹೊಳೆಯ ಆಚೆ ತಮ್ಮದೇ ಕಾರಿನ ಗಾಜು ಹೊಳೆಯುವುದನ್ನು ನೋಡುತ್ತ ಆಟೋ ಹುಡುಕುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಆನೆಗುಂದಿಯಿಂದ ನವವೃಂದಾವನಕ್ಕೆ ದೋಣಿ, ವಾಪಸ್ ಬಂದು ಊರಲ್ಲಿ ತಿಂಡಿ, ಅರವತ್ತನಾಲ್ಕು ಕಂಬದ ಮಂಟಪ, ರಂಗನಾಥನ ಗುಡಿ. ಮಕ್ಕಳಿಗೆ ಶಕ್ತಿ ಉಳಿದಿದ್ದರೆ ಅಂಜನಾದ್ರಿ, 575 ಮೆಟ್ಟಿಲು, ಆದರೆ ಬಿಸಿಲು ಇಳಿದ ಮೇಲೆ. ವಿರೂಪಾಪುರ ಗಡ್ಡೆಗೆ ಹೋಗಲೇಬೇಕು ಅನ್ನುವ ಹಟ ಬೇಡ. ದೋಣಿಯಲ್ಲಿ ದಾಟಿದ ಖುಷಿ ಒಂದು ಗಡ್ಡೆಗೆ ಸಾಕು, ಮೂರಾದರೆ ಬರೀ ಲೆಕ್ಕ.

ಹೊಳೆ ತುಂಬಿದ್ದರೆ? ಆಗಲೂ ಬರುವುದನ್ನು ನಿಲ್ಲಿಸಬೇಡ. ಗೇಟು ಎತ್ತಿದಾಗ ಡ್ಯಾಮಿನ ಮುಂದೆ ನಿಲ್ಲುವುದೇ ಒಂದು ಹಬ್ಬ, ಹೊಸಪೇಟೆಯ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಇಲ್ಲವಾದರೆ ದರೋಜಿ ಕರಡಿಧಾಮ ಇದೆ, ಸಂಜೆ ಹೊತ್ತಿಗೆ ಕರಡಿಗಳು ಗುಡ್ಡ ಇಳಿದು ಬರುತ್ತವೆ. ಸಂಡೂರಿನ ಗುಡ್ಡಗಳು ಮಳೆ ಕಂಡ ಮೇಲೆ ನೋಡಬೇಕು, ಕುಮಾರಸ್ವಾಮಿಯ ಗುಡಿಗೆ ಹೋಗಿ ಬರಬಹುದು. ಕುರೆಕುಪ್ಪದಲ್ಲಿ ಹೊಳೆ ಇಲ್ಲದಿದ್ದರೂ ನೋಡುವುದಕ್ಕೆ ಕೊರತೆ ಇಲ್ಲ.

ರೈಲಿನ ಟಿಕೇಟು ಎರಡನೇ ದಿನದ ರಾತ್ರಿಗೆ ತೆಗೆಸಿದ್ದೀಯಲ್ಲ, ಅದನ್ನು ರದ್ದು ಮಾಡಿ ಮಾರನೇ ದಿನಕ್ಕೆ ತೆಗೆಸು. ಹಂಪಿ ಎಕ್ಸ್‌ಪ್ರೆಸ್ಸು ತೋರಣಗಲ್ಲಿನಲ್ಲೇ ನಿಲ್ಲುತ್ತದೆ, ನಮ್ಮ ಮನೆಯಿಂದ ಹತ್ತಿರ, ಹೊಸಪೇಟೆವರೆಗೆ ಓಡುವ ಕೆಲಸ ಇಲ್ಲ. ಆ ಒಂದು ದಿನ ಖಾಲಿ ಇದ್ದರೆ ದೊಡ್ಡವ್ವ ಹೋಳಿಗೆ ಮಾಡುತ್ತಾಳೆ, ದೋಣಿ ತಪ್ಪಿದರೂ ಚಿಂತೆ ಇರುವುದಿಲ್ಲ. ಇನ್ನೊಂದು: ದೋಣಿಯವರ ಹತ್ತಿರ ಇರುವ ಜಾಕೆಟ್‌ಗಳು ದೊಡ್ಡವರ ಅಳತೆಯವು, ಚಿಕ್ಕವಳು ತೊಟ್ಟರೆ ತೋಳಿನೊಳಗಿಂದ ಜಾರಿಬಿಡುತ್ತಾಳೆ. ಇಬ್ಬರು ಮಕ್ಕಳಿಗೂ ಅವರ ಅಳತೆಯದು, ಕಾಲಿನ ನಡುವೆ ಪಟ್ಟಿ ಬಿಗಿಯುವಂಥದ್ದು, ಬೆಂಗಳೂರಿನಲ್ಲೇ ಕೊಂಡು ತಾ.

ನಿನ್ನ ದೊಡ್ಡಪ್ಪ